ಎಣಿಕೆಯ ಘಟಕ ಮತ್ತು ಬೆಟ್ಟದ ಊರು: 2018ರ ನಂತರದ ಕೊಡಗಿನ ಗ್ರಾಮ ಯೋಜನೆ, ಒಂದು ಪ್ರಕರಣ ಅಧ್ಯಯನ

2018ರ ಆಗಸ್ಟ್ ಮಧ್ಯಭಾಗದಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಬರೆಗಳು, ಎಂದರೆ ಕಡಿದಾದ ಮಣ್ಣಿನ ಇಳಿಜಾರುಗಳು, ಒಂದರ ಹಿಂದೆ ಒಂದರಂತೆ ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲದಂತಹ ಊರುಗಳ ಹೆಸರನ್ನು ಅದುವರೆಗೆ ಕೇಳಿರದವರೂ ಆ ವಾರ ಪತ್ರಿಕೆಗಳಲ್ಲಿ ಓದಿದರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಹಲವೆಡೆ ಕಡಿದುಹೋಯಿತು. ಮಳೆ ತಗ್ಗಿದ ಮೇಲೆ ಪರಿಹಾರ ಕೇಂದ್ರಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಪಂಚಾಯಿತಿಗಳಲ್ಲಿ ಎಲ್ಲರೂ ಕೇಳಿಕೊಂಡ ಪ್ರಶ್ನೆಗಳು ಬಹಳ ಸರಳವಾಗಿದ್ದವು. ಈ ಬರೆಯ ಕೆಳಗೆ ಎಷ್ಟು ಮನೆಗಳಿದ್ದವು? ಅವುಗಳಲ್ಲಿ ಯಾರು ವಾಸವಿದ್ದರು? ಹೋದ ಜಮೀನು ಯಾರದು, ಎಷ್ಟು? ಈ ಮೂರು ಪ್ರಶ್ನೆಗಳಿಗೂ ಸರ್ಕಾರದ ಬಳಿ ದತ್ತಾಂಶವಿತ್ತು. ಆದರೆ ಒಂದನ್ನು ಜನಗಣತಿ ಗ್ರಾಮವಾರು ಬರೆದುಕೊಂಡಿತ್ತು, ಇನ್ನೊಂದನ್ನು ಪಹಣಿ ಸರ್ವೆ ನಂಬರ್‌ವಾರು ಬರೆದುಕೊಂಡಿತ್ತು, ಮತ್ತೊಂದು ಪಡಿತರ ಚೀಟಿಯಲ್ಲಿ ಕುಟುಂಬವಾರು ಇತ್ತು. ಬರೆಯನ್ನೇ ಘಟಕವಾಗಿಟ್ಟುಕೊಂಡು ಎಣಿಸಿದ ಪುಸ್ತಕ ಯಾವುದೂ ಇರಲಿಲ್ಲ.

ಈ ಬರಹ ಆ ಒಂದು ಸನ್ನಿವೇಶವನ್ನು ಹಿಡಿದುಕೊಂಡು, ಕೊಡಗಿನಂತಹ ಜಿಲ್ಲೆಯಲ್ಲಿ ಗ್ರಾಮ ಯೋಜನೆಗೆ ದತ್ತಾಂಶ ಹೇಗೆ ದಾರಿ ತೋರಿಸಿತು, ಎಲ್ಲೆಲ್ಲಿ ದಾರಿ ತಪ್ಪಿಸಿತು ಎಂಬುದನ್ನು ಪರಿಶೀಲಿಸುತ್ತದೆ. ಗ್ರಾಮ ಪಂಚಾಯಿತಿಗಳ ವಾರ್ಷಿಕ ಯೋಜನೆ ತಯಾರಿಯ ಸಭೆಗಳಲ್ಲಿ ಕುಳಿತು ನೋಡಿದ ಅನುಭವ ನನಗಿದೆ. ದತ್ತಾಂಶದ ಕೊರತೆ ಇಲ್ಲಿನ ಮುಖ್ಯ ತೊಂದರೆಯಲ್ಲ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾದದ್ದು ಆ ಸಭೆಗಳಲ್ಲಿಯೇ. ಯಾವ ಘಟಕದಲ್ಲಿ, ಯಾವ ತಿಂಗಳಲ್ಲಿ ಎಣಿಸಿದ್ದೇವೆ ಎಂಬುದರ ಮೇಲೆ ಯೋಜನೆಯೊಳಗೆ ಯಾರು ಬರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದು ತೀರ್ಮಾನವಾಗುತ್ತದೆ.

ಪಟ್ಟಿಗಳಲ್ಲಿ ಕಾಣುವ ಕೊಡಗು

ರಾಜ್ಯಮಟ್ಟದ ಯಾವ ಪಟ್ಟಿಯನ್ನು ತೆಗೆದರೂ ಕೊಡಗು ಮೇಲಿನ ಸಾಲಿನಲ್ಲಿದೆ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಸಲ್ಲಿಸಿದ ಪ್ರಾದೇಶಿಕ ಅಸಮತೋಲನ ನಿವಾರಣೆಯ ವರದಿ, 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಮೂರು ದರ್ಜೆಗಳಲ್ಲಿ ಗುರುತಿಸಿತು. ಕೊಡಗಿನ ಮೂರು ತಾಲ್ಲೂಕುಗಳಲ್ಲಿ ಒಂದೂ ಆ 114ರಲ್ಲಿ ಇರಲಿಲ್ಲ. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರ, ದಕ್ಷಿಣ ಕನ್ನಡ, ಉಡುಪಿಯ ನಂತರದ ಸ್ಥಾನ ಕೊಡಗಿನದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರ ಆಸುಪಾಸಿನಲ್ಲಿದ್ದರೆ ಇಲ್ಲಿ ಶೇ 82ನ್ನು ದಾಟಿತ್ತು. ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು. ದೇಶದ ಕಾಫಿಯಲ್ಲಿ ಮೂರನೇ ಒಂದರಷ್ಟು ಬೆಳೆಯುವ ಜಿಲ್ಲೆಯ ಬಗ್ಗೆ ಬೆಂಗಳೂರಿನಲ್ಲಿ ಕುಳಿತವರಿಗೆ ಚಿಂತೆ ಹುಟ್ಟಿಸುವ ಅಂಕಿಗಳಲ್ಲ ಇವು.

ಇನ್ನೊಂದು ಪಟ್ಟಿಯೂ ಇದೆ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಹೊರತಂದ ಭಾರತದ ಭೂಕುಸಿತ ಅಟ್ಲಾಸ್, 147 ಜಿಲ್ಲೆಗಳನ್ನು ಜನರು ಮತ್ತು ಆಸ್ತಿಪಾಸ್ತಿ ಭೂಕುಸಿತದ ಅಪಾಯಕ್ಕೆ ಎಷ್ಟರಮಟ್ಟಿಗೆ ಒಡ್ಡಿಕೊಂಡಿವೆ ಎಂಬ ಲೆಕ್ಕದಲ್ಲಿ ಸಾಲಾಗಿ ಇರಿಸಿತು. ಅದರಲ್ಲಿ ಕೊಡಗು 12ನೆಯದು. ಮಾನವ ಅಭಿವೃದ್ಧಿಯಲ್ಲಿ ರಾಜ್ಯಕ್ಕೆ ನಾಲ್ಕನೆಯದಾದ ಜಿಲ್ಲೆ ಭೂಕುಸಿತದ ಅಪಾಯದಲ್ಲಿ ದೇಶಕ್ಕೆ ಹನ್ನೆರಡನೆಯದು ಎಂಬ ಎರಡು ಅಂಕಿಗಳನ್ನು ಒಂದೇ ಪುಟದಲ್ಲಿ ಬರೆದುಕೊಂಡು ಯೋಜನೆ ಮಾಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಒಂದು ಪಟ್ಟಿ ಯೋಜನಾ ಇಲಾಖೆಯ ಕಪಾಟಿನಲ್ಲಿರುತ್ತದೆ, ಇನ್ನೊಂದು ವಿಪತ್ತು ನಿರ್ವಹಣೆಯ ಕಪಾಟಿನಲ್ಲಿ.

ಚದುರಿದ ಊರು, ಜನಸಂಖ್ಯೆಯ ಮಾನದಂಡ

ಬಯಲುಸೀಮೆಯ ಊರಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡಗಿಗೆ ಬಂದವರು ಊರು ಎಲ್ಲಿದೆ ಎಂದು ಹುಡುಕುತ್ತಾರೆ. ಇಲ್ಲಿ ಐನ್‌ಮನೆ (ಕುಲದ ಪೂರ್ವಿಕರ ಮನೆ) ಒಂದು ಕಡೆ, ಅದರ ಗದ್ದೆ ತಗ್ಗಿನಲ್ಲಿ, ತೋಟ ಮತ್ತು ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಮೀನು) ಏರಿನಲ್ಲಿ, ಪಕ್ಕದ ಮನೆ ಒಂದು ತೋಡು (ಹಳ್ಳ) ದಾಟಿ ಅರ್ಧ ಮೈಲಿ ಆಚೆ. ಅಂಗಡಿ, ಶಾಲೆ, ಪಂಚಾಯಿತಿ ಕಚೇರಿ ಇರುವ ಜಾಗ ಊರಿನ ಹೆಸರನ್ನು ಹೊತ್ತಿರುತ್ತದೆಯೇ ಹೊರತು ಊರಿನ ಜನ ಅಲ್ಲಿ ವಾಸವಿರುವುದಿಲ್ಲ. 2011ರಲ್ಲಿ ಜಿಲ್ಲೆಯ 4,102 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ ಸುಮಾರು 5.54 ಲಕ್ಷ ಜನರಿದ್ದರು. ಅಂದರೆ ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319.

ಈ ಒಂದು ವ್ಯತ್ಯಾಸ ಎಲ್ಲ ಮಾನದಂಡಗಳಲ್ಲೂ ಹೇಗೆ ಹರಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬ ನಿಯಮವನ್ನು ತೆಗೆದುಕೊಳ್ಳೋಣ. ರಾಜ್ಯದ ಸರಾಸರಿ ಸಾಂದ್ರತೆಯಲ್ಲಿ ಸಾವಿರ ಜನ ಮೂರು ಚದರ ಕಿಲೋಮೀಟರಿನಲ್ಲಿ ಸಿಗುತ್ತಾರೆ. ಕೊಡಗಿನಲ್ಲಿ ಅವರಿಗಾಗಿ ಏಳೂವರೆ ಚದರ ಕಿಲೋಮೀಟರ್ ಸುತ್ತಬೇಕು. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ರೂಢಿಯ ಲೆಕ್ಕವನ್ನು ಇಲ್ಲಿಗೆ ಹಚ್ಚಿದರೆ ಒಂದು ಕೇಂದ್ರದ ವ್ಯಾಪ್ತಿ 220 ಚದರ ಕಿಲೋಮೀಟರನ್ನು ಮೀರುತ್ತದೆ. ಜಿಲ್ಲೆಯ ದೊಡ್ಡ ಪಾಲು ಕಾಡಾಗಿರುವುದರಿಂದ ಜನವಸತಿಯ ನೆಲದಲ್ಲಿ ಸಾಂದ್ರತೆ ಇದಕ್ಕಿಂತ ಹೆಚ್ಚೇ ಇರುತ್ತದೆ ಎಂಬ ಆಕ್ಷೇಪ ಸರಿಯಾದದ್ದು. ಆದರೆ ನಡೆದು ಹೋಗುವ ಆಶಾ ಕಾರ್ಯಕರ್ತೆ ಆ ಕಾಡನ್ನು ಸುತ್ತು ಹಾಕಿಕೊಂಡೇ ಹೋಗಬೇಕಾದ್ದರಿಂದ ಆಕೆಯ ದಾರಿಯಿಂದ ಅದನ್ನು ಕಳೆಯಲು ಬರುವುದಿಲ್ಲ.

ಕಾನೂನು ಈ ಸಂಗತಿಯನ್ನು ಒಂದು ಕಡೆ ಚೆನ್ನಾಗಿಯೇ ಒಪ್ಪಿಕೊಂಡಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯಿತಿ ಎಂದು ಹೇಳುವಾಗ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕು ಎಂದು ಬಿಡುವು ಕೊಟ್ಟಿತು. ಆ ವಾಕ್ಯವನ್ನು ಬರೆದವರಿಗೆ ಮಲೆನಾಡಿನ ಊರು ಹೇಗಿರುತ್ತದೆ ಎಂಬುದು ಗೊತ್ತಿತ್ತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆ ತಿಳಿವಳಿಕೆ ಕಾಣುವುದಿಲ್ಲ. ಅಲ್ಲಿ ಬಯಲು ಪ್ರದೇಶದ ಜನವಸತಿಗೆ 500 ಜನ, ಹಿಮಾಲಯದ ಮತ್ತು ಈಶಾನ್ಯದ ಬೆಟ್ಟದ ರಾಜ್ಯಗಳಿಗೆ, ಮರುಭೂಮಿಗೆ, ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ 250 ಜನ ಎಂಬ ಮಿತಿ ಇತ್ತು. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ, ಪಶ್ಚಿಮಘಟ್ಟವನ್ನು ಆ ನಿಯಮ ಬೆಟ್ಟವೆಂದು ಎಣಿಸಲಿಲ್ಲ. ಹೀಗಾಗಿ ತಲಕಾವೇರಿಯ ತಪ್ಪಲಿನ ಊರಿಗೂ ರಾಯಚೂರಿನ ಬಯಲಿನ ಊರಿಗೂ ಒಂದೇ ಅಳತೆ. ಹಣಕಾಸಿನ ವಿಷಯದಲ್ಲಿಯೂ ಅಷ್ಟೆ: ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚಲು 15ನೇ ಹಣಕಾಸು ಆಯೋಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ವಿಸ್ತೀರ್ಣಕ್ಕೆ ಸಿಗುವ ಇಷ್ಟು ಕಡಿಮೆ ತೂಕ, ಮನೆಗೊಂದರಂತೆ ಉದ್ದುದ್ದ ಪೈಪು, ಕಂಬ, ಮೋರಿ ಹಾಕಬೇಕಾದ ಬೆಟ್ಟದ ಪಂಚಾಯಿತಿಗೆ ಸಾಲುವುದಿಲ್ಲ.

ಮಳೆಯ ಪುಸ್ತಕ

ಕೊಡಗಿನವರಷ್ಟು ಶ್ರದ್ಧೆಯಿಂದ ಮಳೆಯನ್ನು ಬರೆದಿಡುವ ಜನ ರಾಜ್ಯದಲ್ಲಿ ಬೇರೆಲ್ಲೂ ಇರಲಾರರು. ಇಲ್ಲಿ ಮಳೆಯ ಮಾತು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು. ಸೋಮವಾರಪೇಟೆ ಕಡೆಯ ಒಂದು ತೋಟದ ಮನೆಯಲ್ಲಿ ನಾನು ಇಂತಹ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕ; ಮೂಲೆಗಳಲ್ಲಿ ತೇವದ ಕಲೆ. ಎಡಗಡೆ ತಾರೀಖು, ಅದರ ಮುಂದೆ ಇಂಚು, ಸೆಂಟು, ಅದರ ಮುಂದೆ ವರ್ಷದ ಆರಂಭದಿಂದ ಆ ದಿನದವರೆಗಿನ ಒಟ್ಟು ಮಳೆ, ಕೊನೆಯ ಅಂಕಣದಲ್ಲಿ ಹೂಮಳೆ ಬಿತ್ತು, ಹೂ ಅರಳಿತು, ಗೊಬ್ಬರ ಹಾಕಿದೆವು ಎಂಬಂತಹ ಒಂದೊಂದು ಮಾತು. ಅಪ್ಪನ ಕೈಬರಹ ಮುಗಿದ ಪುಟದಿಂದ ಮಗನ ಕೈಬರಹ ಶುರುವಾಗಿತ್ತು. 2018ರ ಆಗಸ್ಟಿನ ಪುಟದಲ್ಲಿ ಒಂದು ದಿನದ ಅಂಕಿಯ ಜಾಗದಲ್ಲಿ ‘ಗೇಜ್ ತುಂಬಿ ಹೊರಚೆಲ್ಲಿದೆ’ ಎಂದು ಬರೆದಿತ್ತು.

ಇಂತಹ ಪುಸ್ತಕಗಳ ಬೆಲೆ ತಿಳಿಯಬೇಕಾದರೆ ಇಲ್ಲಿನ ಮಳೆಯ ಹಂಚಿಕೆಯನ್ನು ನೆನೆಯಬೇಕು. ಜಿಲ್ಲೆಯ ವಾರ್ಷಿಕ ಸರಾಸರಿ 2,700 ಮಿ.ಮೀ. ಆಸುಪಾಸು ಎಂದು ಹೇಳುವುದುಂಟು. ಆದರೆ ಭಾಗಮಂಡಲದ ಮೇಲಿನ ಬೆಟ್ಟಗಳಲ್ಲಿ 5,000 ಮಿ.ಮೀ. ದಾಟುವ ಮಳೆ, ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಪೂರ್ವದ ಕುಶಾಲನಗರಕ್ಕೆ ಬರುವ ಹೊತ್ತಿಗೆ ಸಾವಿರದ ಸುತ್ತಮುತ್ತ ಇಳಿದಿರುತ್ತದೆ. ಇವೆರಡರ ಸರಾಸರಿಯಂತಹ ಮಳೆ ಬೀಳುವ ಊರುಗಳು ನಡುವೆ ಒಂದು ಕಿರಿದಾದ ಪಟ್ಟಿಯಷ್ಟೇ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವ ವ್ಯವಸ್ಥೆ ಮಾಡಿರುವುದು ಈ ಕಾರಣಕ್ಕೆ ಬಹಳ ದೊಡ್ಡ ಕೆಲಸ. ತಾಲ್ಲೂಕಿಗೊಂದು ಅಂಕಿಯಿಂದ ಪಂಚಾಯಿತಿಗೊಂದು ಅಂಕಿಗೆ ಬಂದದ್ದು ಇಡೀ ರಾಜ್ಯಕ್ಕೆ ಉಪಯುಕ್ತ, ಕೊಡಗಿಗೆ ಅತ್ಯಗತ್ಯ.

ಆದರೂ ಎಚ್ಚರಿಕೆಯ ಭಾಷೆಯಲ್ಲಿ ಒಂದು ಕೊರತೆ ಉಳಿದಿದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗಳಲ್ಲಿ 204.5 ಮಿ.ಮೀ. ಅಥವಾ ಅದಕ್ಕೂ ಮೇಲ್ಪಟ್ಟ ಮಳೆ ‘ಅತ್ಯಂತ ಭಾರಿ’ ಎನಿಸುತ್ತದೆ. ಕೊಡಗಿನ ಲೆಕ್ಕದಲ್ಲಿ ಎಂಟು ಇಂಚು ಐದು ಸೆಂಟು. ಬರೆ ಕುಸಿಯುವುದು ಆ ಒಂದು ದಿನದ ಮಳೆಯಿಂದ ಮಾತ್ರವಲ್ಲ, ಅದಕ್ಕೆ ಮುಂಚಿನ ವಾರಗಳಲ್ಲಿ ಮಣ್ಣು ಎಷ್ಟು ನೀರು ಕುಡಿದಿದೆ ಎಂಬುದರ ಮೇಲೆ. ಜೂನ್, ಜುಲೈ ಪೂರ್ತಿ ನೆನೆದ ಬರೆಗೆ ನಾಲ್ಕು ಇಂಚೂ ಹೆಚ್ಚಾಗಬಹುದು. ಒಣಗಿದ ಬರೆ ಎಂಟು ಇಂಚನ್ನೂ ತಡೆದುಕೊಳ್ಳಬಹುದು. ತೋಟದ ಪುಸ್ತಕದ ಮೂರನೇ ಅಂಕಣ, ಅಂದರೆ ಇಲ್ಲಿಯವರೆಗಿನ ಒಟ್ಟು ಮಳೆ, ಹೇಳುವುದು ಇದನ್ನೇ. ಜಿಲ್ಲಾಡಳಿತದ ದೈನಂದಿನ ಮಳೆ ವರದಿಯಲ್ಲಿಯೂ ಜನವರಿಯಿಂದ ಇಲ್ಲಿಯವರೆಗಿನ ಮಳೆ ಮತ್ತು ಕಳೆದ ವರ್ಷದ ಇದೇ ಅವಧಿಯ ಮಳೆ ತಪ್ಪದೆ ಇರುತ್ತವೆ. ಇವುಗಳನ್ನು ಎಚ್ಚರಿಕೆಯ ಮಟ್ಟ ನಿರ್ಧರಿಸಲು, ಪಂಚಾಯಿತಿವಾರು, ಬಳಸುವುದು ಆಗಬೇಕಾದ ಕೆಲಸ.

ಹಳೆಯ ಪುಸ್ತಕಗಳನ್ನು ಸರ್ಕಾರಿ ಅಂಕಿಗಳ ಜೊತೆ ಜೋಡಿಸುವವರು ಒಂದು ವಿಷಯವನ್ನು ಗಮನಿಸಬೇಕು. ಸರ್ಕಾರಿ ವರದಿಯ 24 ಗಂಟೆ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ಅಳೆದ ದಿನದ ತಾರೀಖನ್ನೇ ಹೊತ್ತಿರುತ್ತದೆ. ತೋಟಗಳಲ್ಲಿ ಕೆಲವರು ಬೆಳಗ್ಗೆ ಏಳಕ್ಕೇ ಅಳೆಯುತ್ತಾರೆ, ಅನೇಕರು ಮಳೆ ಬಿದ್ದ ದಿನದ ಮುಂದೆ, ಎಂದರೆ ಹಿಂದಿನ ದಿನದ ತಾರೀಖಿಗೆ, ಬರೆಯುತ್ತಾರೆ. ಒಂದು ದಿನದ ಈ ಜಾರಿಕೆಯನ್ನು ಸರಿಪಡಿಸದೆ ಹೋಲಿಸಿದರೆ ತೋಟದವರ ಲೆಕ್ಕ ತಪ್ಪು ಎಂಬ ತೀರ್ಮಾನಕ್ಕೆ ಬರುತ್ತೇವೆ. ಪುಸ್ತಕ ಬರೆದವರನ್ನು ಕೇಳಿದರೆ ಐದು ನಿಮಿಷದಲ್ಲಿ ಬಗೆಹರಿಯುವ ವಿಷಯ ಅದು.

ಪಹಣಿಯಲ್ಲಿ ಉಳಿದ ಜಮೀನು

ಭೂಕುಸಿತದ ನಂತರದ ಪರಿಹಾರದ ಆಧಾರ ಪಹಣಿ. ಬೆಳೆ ನಷ್ಟದ ಅರ್ಜಿ ಪಹಣಿಯಲ್ಲಿನ ಹೆಸರಿಗೆ, ಆ ಹೆಸರು ಆಧಾರ್ ಸಂಖ್ಯೆಗೆ, ಅದು ಬ್ಯಾಂಕ್ ಖಾತೆಗೆ ಜೋಡಣೆಯಾದರೆ ಮಾತ್ರ ಹಣ ಬರುವ ವ್ಯವಸ್ಥೆ ಅದು. ಸೋರಿಕೆ ತಡೆಯಲು ಇದು ಒಳ್ಳೆಯ ಕ್ರಮ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಹಕ್ಕಿನ) ಮತ್ತು ಬಾಣೆ ಜಮೀನುಗಳ ಪಹಣಿಯಲ್ಲಿ ಅನೇಕ ಕಡೆ ಇರುವುದು ಒಕ್ಕದ (ಕುಲದ) ಹಿರಿಯರ ಹೆಸರು, ಎಂದೋ ತೀರಿಕೊಂಡವರದು. ಅವರ ಹಿಂದೆ ಹತ್ತಾರು ಮಂದಿಯ ಜಂಟಿ ಹಕ್ಕು. ಜಮೀನನ್ನು ಈಗ ಉಳುವವರು, ತೋಟ ನೋಡಿಕೊಳ್ಳುವವರು ಆ ಹತ್ತಾರು ಮಂದಿಯಲ್ಲಿ ಒಬ್ಬರು. ತೀರಿಕೊಂಡವರಿಗೆ ಆಧಾರ್ ಸಂಖ್ಯೆ ಇರುವುದಿಲ್ಲ. ಪೈಸಾರಿ, ಅಂದರೆ ಸರ್ಕಾರಿ, ಜಾಗದಲ್ಲಿ ದಶಕಗಳಿಂದ ಮನೆ ಕಟ್ಟಿಕೊಂಡು ಕಾಳುಮೆಣಸು, ಕಾಫಿ ಬೆಳೆದವರ ಹೆಸರಂತೂ ಪಹಣಿಯಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರವಾದದ್ದು. ಬರೆ ಜಾರಿ ಕೊಲ್ಲಿಗೆ (ಕಂದರಕ್ಕೆ) ಬಿದ್ದ ಮೇಲೂ ಪಹಣಿಯಲ್ಲಿ ಜಮೀನು ಹಾಗೆಯೇ ಇರುತ್ತದೆ: ಅದೇ ಸರ್ವೆ ನಂಬರು, ಅದೇ ಎಕರೆ, ಗುಂಟೆ. ಸ್ಥಳಕ್ಕೆ ಹೋದರೆ ಗಡಿಕಲ್ಲು ಇಲ್ಲ, ಬೇಲಿ ಇಲ್ಲ, ಮೇಲಿನವರ ಸಿಲ್ವರ್ ಮರಗಳು ಕೆಳಗಿನವರ ಗದ್ದೆಯಲ್ಲಿ ಅಡ್ಡಲಾಗಿ ಬಿದ್ದಿವೆ, ಮಣ್ಣು ಯಾರದು ಎಂದು ಹೇಳುವುದೇ ಕಷ್ಟ. ಅಂದು ಜಾರಿಯಲ್ಲಿದ್ದ ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮ, ಭೂಕುಸಿತದಲ್ಲಿ ಜಮೀನೇ ಹೋದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 37,500 ರೂಪಾಯಿ ಎಂದು ನಿಗದಿಪಡಿಸಿತ್ತು. ಗದ್ದೆಯ ಮೇಲೆ ಬಂದು ಕೂತ ಮಣ್ಣು ತೆಗೆಯಲು 12,200 ರೂಪಾಯಿ. ವರ್ಷ ವರ್ಷ ನಾಟಿ ಮಾಡುವ ಜಮೀನನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ದರಗಳಿವು. ಕಾಫಿ ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ, ನೆರಳಿನ ಮರ ಬೆಳೆಯಲು ಅದರ ಹಲವು ಪಟ್ಟು. ಹೆಕ್ಟೇರು ಎಂಬ ಘಟಕದಲ್ಲಿ ಮರದ ವಯಸ್ಸಿಗೆ ಜಾಗವಿಲ್ಲ.

ಇಲ್ಲಿ ದತ್ತಾಂಶದ ಕೆಲಸ ಏನಾಗಬಹುದಿತ್ತು? ಉಪಗ್ರಹ ಚಿತ್ರದಲ್ಲಿ ಕುಸಿದ ಬರೆಗಳು ಕೆಂಪು ಗಾಯಗಳಂತೆ ಸ್ಪಷ್ಟವಾಗಿ ಕಾಣುತ್ತವೆ. ಆ ಗಾಯದ ಅಂಚನ್ನು ಸರ್ವೆ ನಕ್ಷೆಯ ಮೇಲೆ ಇರಿಸಿದರೆ ಯಾವ ಯಾವ ಸರ್ವೆ ನಂಬರಿನಲ್ಲಿ ಎಷ್ಟೆಷ್ಟು ಹೋಗಿದೆ ಎಂಬ ಮೊದಲ ಅಂದಾಜು ಸಿಗುತ್ತದೆ. ಅದನ್ನು ಹಿಡಿದುಕೊಂಡು ಊರಿನವರ ಜೊತೆ ಸ್ಥಳ ಪರಿಶೀಲನೆ ಮಾಡಿದರೆ ಅರ್ಜಿ ಹಾಕಲು ಬಾರದವರ ನಷ್ಟವೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಬಂದ ನಂತರ ಪರಿಶೀಲಿಸುವ ಕ್ರಮದಲ್ಲಿ ಅರ್ಜಿಯೇ ದತ್ತಾಂಶವಾಗಿಬಿಡುತ್ತದೆ.

ಫೆಬ್ರುವರಿಯ ಎಣಿಕೆ, ಆಗಸ್ಟಿನ ಮನೆ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಲೈನ್‌ಮನೆಗಳು. ತೋಟದೊಳಗೆ ಸಾಲಾಗಿ ಕಟ್ಟಿದ, ಒಂದು ಕೋಣೆ, ಒಂದು ಅಡುಗೆಮೂಲೆಯ ಈ ವಸತಿಗಳಲ್ಲಿ ಪಣಿಯ ಎರವ, ಪಂಜರಿ ಎರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳೂ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದ ಕಾರ್ಮಿಕರೂ ಇರುತ್ತಾರೆ. 2011ರಲ್ಲಿ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು 58,000ಕ್ಕೂ ಹೆಚ್ಚು, ಶೇ 10ಕ್ಕಿಂತ ಸ್ವಲ್ಪ ಮೇಲೆ. ಮನೆ ಇರುವ ಜಾಗ ತೋಟದ ಮಾಲೀಕರದು. ಆದ್ದರಿಂದ ವಸತಿ ಯೋಜನೆಯಲ್ಲಿ, ಶೌಚಾಲಯದ ಯೋಜನೆಯಲ್ಲಿ, ನಲ್ಲಿ ನೀರಿನ ಯೋಜನೆಯಲ್ಲಿ ಇವರ ಮನೆ ಖಾಸಗಿ ಕಟ್ಟಡವಾಗಿ ಕಾಣುತ್ತದೆ, ಫಲಾನುಭವಿಯ ಮನೆಯಾಗಿ ಕಾಣುವುದಿಲ್ಲ.

2011ರ ಜನಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಕೊಡಗಿನಲ್ಲಿ ಅದು ರೋಬಸ್ಟಾ ಕುಯ್ಲಿನ ಕಾಲ. ಲೈನ್‌ಮನೆಗಳು ತುಂಬಿರುವ ತಿಂಗಳು ಅದು, ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಬಂದವರೂ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದವರೂ ಕಾಫಿ ಕುಯ್ಯುತ್ತಿರುತ್ತಾರೆ. ಕುಯ್ಲು ಮುಗಿದ ಮೇಲೆ ಅವರಲ್ಲಿ ಅನೇಕರು ಹೊರಡುತ್ತಾರೆ, ಕೆಲವು ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತವೆ. ಆಗಸ್ಟಿನಲ್ಲಿ, ಎಂದರೆ ಅಪಾಯದ ತಿಂಗಳಲ್ಲಿ, ಯಾವ ಬರೆಯ ಕೆಳಗಿನ ಯಾವ ಲೈನಿನಲ್ಲಿ ಯಾರಿದ್ದಾರೆ ಎಂಬುದು ಜನಗಣತಿಯಿಂದ ತಿಳಿಯುವ ವಿಷಯವೇ ಅಲ್ಲ. ಅದು ತಿಳಿದಿರುವುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ, ತೋಟದ ಲೆಕ್ಕ ಬರೆಯುವ ರೈಟರ್‌ಗೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಪುಸ್ತಕಗಳಲ್ಲಿ ಗರ್ಭಿಣಿಯರು, ಮಕ್ಕಳು, ಲಸಿಕೆಯ ತಾರೀಖು ಇರುತ್ತವೆ. ರೈಟರ್ ಪುಸ್ತಕದಲ್ಲಿ ಹಾಜರಿ ಇರುತ್ತದೆ. ಇವು ಮೂರನ್ನೂ ಮೇ ತಿಂಗಳಲ್ಲಿ ಒಂದು ಮೇಜಿನ ಮೇಲೆ ಇಟ್ಟು ನೋಡುವ ಪದ್ಧತಿ ಇದ್ದರೆ ಮಳೆಗಾಲದ ಪಟ್ಟಿ ಸಿದ್ಧವಾಗುತ್ತದೆ.

ಒಂದು ವಾರ್ಡ್ ಸಭೆಯಲ್ಲಿ ನಡೆದ ಮಾತು ನೆನಪಿದೆ. ಗ್ರಾಮದ ಸೌಲಭ್ಯಗಳನ್ನು ದಾಖಲಿಸುವ ಮಿಷನ್ ಅಂತ್ಯೋದಯ ಸಮೀಕ್ಷೆಯ ನಮೂನೆಯನ್ನು ಓದುತ್ತಾ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಸೌಲಭ್ಯ ಊರಿನಲ್ಲಿ ಇದೆಯೇ, ಇಲ್ಲವಾದರೆ ಎಷ್ಟು ದೂರ ಎಂಬುದು ಅದರ ಕ್ರಮ: ಒಂದು ಕಿಲೋಮೀಟರಿಗಿಂತ ಕಡಿಮೆ, ಒಂದರಿಂದ ಎರಡು, ಎರಡರಿಂದ ಐದು ಹೀಗೆ. ಶಾಲೆ ಎಷ್ಟು ದೂರ ಎಂದು ಕೇಳಿದಾಗ ಲೈನ್‌ಮನೆಯಿಂದ ಬಂದಿದ್ದ ಒಬ್ಬ ತಾಯಿ, ‘ಮಳೆಗಾಲದಲ್ಲೋ, ಬೇಸಿಗೆಯಲ್ಲೋ?’ ಎಂದು ತಿರುಗಿ ಕೇಳಿದರು. ಬೇಸಿಗೆಯಲ್ಲಿ ತೋಡು ದಾಟಿ ಹೋಗುವ ಹಾದಿ ಮಳೆಗಾಲದಲ್ಲಿ ಇರುವುದಿಲ್ಲ. ರಸ್ತೆ ಹಿಡಿದು ಸುತ್ತಿಕೊಂಡು ಹೋಗಬೇಕು, ಇಲ್ಲವೇ ಮಗು ಮನೆಯಲ್ಲೇ ಉಳಿಯಬೇಕು. ನಮೂನೆಯಲ್ಲಿ ಒಂದೇ ಚೌಕವಿತ್ತು. ಅದರಲ್ಲಿ ಬೇಸಿಗೆಯ ದೂರವನ್ನೇ ಬರೆದರು.

ಆ ಪ್ರಶ್ನೆ ನನ್ನ ಪ್ರಕಾರ ಈ ಇಡೀ ವಿಷಯದ ತಿರುಳು. ಕೊಡಗಿನಲ್ಲಿ ದೂರವನ್ನು ಕಿಲೋಮೀಟರಿನ ಜೊತೆಗೆ ವರ್ಷದಲ್ಲಿ ಎಷ್ಟು ದಿನ ದಾರಿ ತೆರೆದಿರುತ್ತದೆ ಎಂಬ ಲೆಕ್ಕದಲ್ಲಿಯೂ ಅಳೆಯಬೇಕು. ಭಾಗಮಂಡಲದ ಸಂಗಮದಲ್ಲಿ ನೀರು ಏರಿದಾಗ ನಾಪೋಕ್ಲು ಕಡೆಯ ರಸ್ತೆ ಮುಳುಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಪತ್ರಿಕೆಗಳಲ್ಲಿಯೂ ಬರುತ್ತದೆ. ಹೆಸರಿಲ್ಲದ ನೂರಾರು ತೋಡುಗಳ ಮೇಲಿನ ಕಾಲುಸಂಕಗಳ ವಿಷಯ ಎಲ್ಲಿಯೂ ದಾಖಲಾಗುವುದಿಲ್ಲ. ಪ್ರತಿ ಕಾಲುಸಂಕಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ಮುಳುಗಿದ ದಿನಗಳನ್ನು ಸಮೀಪದ ಮನೆಯವರೊಬ್ಬರು ಗುರುತು ಹಾಕಿಕೊಂಡರೆ ಎರಡು ಮಳೆಗಾಲದೊಳಗೆ ಯಾವ ಸಂಕವನ್ನು ಮೊದಲು ಕಟ್ಟಬೇಕು ಎಂಬುದಕ್ಕೆ ಜಗಳವಿಲ್ಲದ ಉತ್ತರ ಸಿಗುತ್ತದೆ.

ಇಂಗುಗುಂಡಿಗಳ ವಿಷಯ

ಕಾಮಗಾರಿಗಳ ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನೀರು ಇಂಗಿಸುವ ಗುಂಡಿ, ಬದು, ಕಟ್ಟೆಗಳು ಚಿತ್ರದುರ್ಗ, ಕೋಲಾರದಂತಹ ಕಡೆ ಜೀವ ಉಳಿಸುವ ಕೆಲಸಗಳು. ಎಷ್ಟು ಗುಂಡಿ ತೋಡಿದಿರಿ ಎಂಬುದೇ ಪ್ರಗತಿಯ ಸೂಚಕವಾದಾಗ ಕಡಿದಾದ, ಆಳವಾದ ಮಣ್ಣಿನ, ತಿಂಗಳುಗಟ್ಟಲೆ ಮಳೆ ಬೀಳುವ ಬರೆಯ ಮೇಲೂ ಅದೇ ಗುಂಡಿ ತೋಡಲಾಗುತ್ತದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸೇರಿದಾಗ ಮೇಲಿನ ಇಂಗುಗುಂಡಿಗಳ ಬಗ್ಗೆ ಜಿಲ್ಲೆಯಲ್ಲಿ ಗಂಭೀರ ಚರ್ಚೆ ನಡೆಯಿತು. ಒಂದೊಂದು ಕುಸಿತದ ಕಾರಣವನ್ನು ಭೂವಿಜ್ಞಾನಿಗಳೇ ಹೇಳಬೇಕು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2014ರಿಂದ 1:50,000 ಪ್ರಮಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಮಾಡುತ್ತಾ ಬಂದಿದೆ. ಆ ನಕ್ಷೆಯಲ್ಲಿ ಅಪಾಯದ್ದೆಂದು ಗುರುತಾದ ಇಳಿಜಾರಿನಲ್ಲಿ ಗುಂಡಿ ತೋಡುವ, ಬರೆ ಕಡಿದು ಸಮತಟ್ಟು ಮಾಡುವ ಕಾಮಗಾರಿಗೆ ಅಂದಾಜುಪಟ್ಟಿಯ ಹಂತದಲ್ಲಿಯೇ ತಡೆ ಬೀಳುವಂತೆ ಮಾಡಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಈ ಪ್ರಮಾಣದಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ಮನೆಯ ಹಿತ್ತಲಿನ ಬರೆಯ ಬಗ್ಗೆ ಅದು ಏನನ್ನೂ ಹೇಳಲಾರದು ಎಂಬ ಮಿತಿಯನ್ನು ಪಂಚಾಯಿತಿಗಳಿಗೆ ತಿಳಿಸಿ ಹೇಳುವುದೂ ಅಷ್ಟೇ ಮುಖ್ಯ. ಹಿತ್ತಲಿನ ಬರೆಯಲ್ಲಿ ಬಿರುಕು ಕಂಡಿದೆಯೇ, ಊಟೆಯ (ಒರತೆಯ) ನೀರು ಕೆಂಪಾಗಿದೆಯೇ ಎಂಬುದನ್ನು ಮನೆಯವರೇ ನೋಡಿ ಹೇಳಬೇಕು.

ಜೋಡಿಸುವ ಕೆಲಸ

2018ರ ಅಕ್ಟೋಬರ್ 2ರಂದು, ಅಂದರೆ ದುರಂತ ನಡೆದು ಏಳು ವಾರಗಳೂ ತುಂಬುವ ಮೊದಲು, ಗ್ರಾಮ ಪಂಚಾಯಿತಿ ಯೋಜನೆಗಳನ್ನು ಜನರ ಜೊತೆ ಕುಳಿತು ಮಾಡುವ ಅಭಿಯಾನ ದೇಶದಾದ್ಯಂತ ಆರಂಭವಾಯಿತು. ಅಂತ್ಯೋದಯ ಸಮೀಕ್ಷೆಯ ಅಂಕಿಗಳನ್ನು ಗ್ರಾಮಸಭೆಯ ಮುಂದೆ ಇಟ್ಟು, ಕೊರತೆ ಗುರುತಿಸಿ, ಯೋಜನೆಯಲ್ಲಿ ಸೇರಿಸುವುದು ಅದರ ವಿಧಾನ. ವಿಧಾನ ಒಳ್ಳೆಯದು. ಕೊಡಗಿನಲ್ಲಿ ಅಕ್ಟೋಬರಿನಿಂದ ಜನವರಿಯವರೆಗೆ ಭತ್ತದ ಕೊಯ್ಲು, ಹುತ್ತರಿ, ಅರೇಬಿಕಾ ಕುಯ್ಲು ಎಲ್ಲವೂ ಬರುತ್ತವೆ. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಲೈನ್‌ಮನೆಯವರು ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಸಭೆಯನ್ನು ಸಂತೆಯ ದಿನ ಮಧ್ಯಾಹ್ನಕ್ಕೆ ಇಟ್ಟ ಕಡೆ ಬರುವವರ ಮುಖಗಳೇ ಬೇರೆಯಾಗಿರುವುದನ್ನು ನಾನು ನೋಡಿದ್ದೇನೆ. ಯಾರ ಎದುರು ಅಂಕಿಯನ್ನು ಓದುತ್ತೇವೆ ಎಂಬುದರಿಂದಲೂ ಅಂಕಿ ಸರಿಯಾಗುತ್ತದೆ.

ಹೀಗೆ ಜೋಡಿಸುವಾಗ ಎಚ್ಚರವೂ ಬೇಕು. ಯಾವ ಲೈನಿನಲ್ಲಿ ಯಾರಿದ್ದಾರೆ, ಯಾರು ಎಲ್ಲಿಂದ ಬಂದವರು, ಯಾವ ಕುಟುಂಬ ಮುಂಗಡ ಸಾಲದಲ್ಲಿದೆ ಎಂಬ ಮಾಹಿತಿ ರಕ್ಷಣೆಗೆ ಉಪಯೋಗವಾಗುವಷ್ಟೇ ಕಿರುಕುಳಕ್ಕೂ ಉಪಯೋಗವಾಗಬಲ್ಲದು. ಗ್ರಾಮಸಭೆಯ ಗೋಡೆಗೆ ಅಂಟಿಸಬೇಕಾದದ್ದು ಮನೆಗಳ ಸಂಖ್ಯೆ ಮತ್ತು ಸಂಕಗಳ ಸ್ಥಿತಿ. ಹೆಸರಿನ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಬಳಿ ಮುಚ್ಚಿದ ಪುಸ್ತಕವಾಗಿಯೇ ಇರಬೇಕು, ಮಳೆಗಾಲ ಮುಗಿದ ಮೇಲೆ ತೆಗೆದುಹಾಕಬೇಕು.

2011ರ ಅಂಕಿಗಳಲ್ಲಿ ಕೊಡಗಿಗೆ ಮೂರೇ ತಾಲ್ಲೂಕು. ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕುಗಳು ಆ ನಂತರ ಬಂದವು. ಹೊಸ ತಾಲ್ಲೂಕುಗಳ ಅಂಕಿ ಸಿಗುವುದಿಲ್ಲ ಎಂದು ಕೈಚೆಲ್ಲುವ ಅಗತ್ಯವಿಲ್ಲ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಗ್ರಾಮವಾರು ಅಂಕಿಗಳಿವೆ. ಅವನ್ನು ಹೊಸ ಗಡಿಗಳಿಗೆ ತಕ್ಕಂತೆ ಮತ್ತೆ ಕೂಡಿಸಿಕೊಳ್ಳಬಹುದು. ಮಳೆಮಾಪಕದ ವ್ಯಾಪ್ತಿಗೆ, ಬೆಟ್ಟದ ಸಾಲಿಗೆ, ಒಂದು ಹೊಳೆಯ ಪಾತ್ರಕ್ಕೆ ತಕ್ಕಂತೆಯೂ ಕೂಡಿಸಬಹುದು. ತಾಲ್ಲೂಕಿನ ಸರಾಸರಿಯಿಂದ ಹೊರಬರಲು ಇರುವ ಸುಲಭದ ದಾರಿ ಇದು. ಒಬ್ಬ ಪದವಿ ವಿದ್ಯಾರ್ಥಿ ಒಂದು ಲ್ಯಾಪ್‌ಟಾಪಿನಲ್ಲಿ ಮಾಡಬಹುದಾದ ಕೆಲಸ.

ಮುಂದಿನ ಜನಗಣತಿಯ ಜನರ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಉಲ್ಲೇಖ ದಿನಾಂಕ ಮಾರ್ಚ್ 1. ಅದೂ ಕುಯ್ಲಿನ ತಿಂಗಳೇ. ಎಣಿಕೆದಾರರು ಲೈನ್‌ಮನೆಗಳಿಗೆ ಬೆಳಗ್ಗೆ ಹತ್ತಕ್ಕೆ ಹೋದರೆ ಬಾಗಿಲಿಗೆ ಚಿಲಕ ಹಾಕಿರುತ್ತದೆ, ಎಲ್ಲರೂ ತೋಟದಲ್ಲಿರುತ್ತಾರೆ. ಸಂಜೆ ಕಾಫಿ ಅಳೆದು, ಲೆಕ್ಕ ಬರೆಸಿ, ಅವರು ಮನೆಗೆ ಬರುವುದು ಐದರ ಮೇಲೆ.